ಲಿಫ್ಟ್ ಇಲ್ಲದ ದ್ವೀಪ

ಎಕ್ಸ್‌ರೇ ಅಕ್ಕ ಯಾವ ಮಾತನ್ನೂ ಮೂರು ಸಲ ಕೇಳದೆ ಬಿಡುವವಳಲ್ಲ. ಅದು ಅವಳ ಹುಟ್ಟುಗುಣವೇನಲ್ಲ, ಕಸುಬಿನಿಂದ ಅಂಟಿದ ಚಾಳಿ. ಆಸ್ಪತ್ರೆಯ ನೆಲಮಹಡಿಯ ಕಟ್ಟಕಡೆಯ ಕೋಣೆಯಲ್ಲಿ ಇಪ್ಪತ್ತು ವರ್ಷದಿಂದ ಜನರ ಎಲುಬಿನ ಚಿತ್ರ ತೆಗೆಯುತ್ತಿದ್ದಾಳೆ. "ಮೈಮೇಲೆ ಲೋಹ ಏನಾದ್ರೂ ಇದೆಯಾ?" ಎಂದು ಕೇಳಿದರೆ ಮೊದಲ ಸಲ ಎಲ್ಲರೂ ಇಲ್ಲ ಅನ್ನುತ್ತಾರೆ. ಎರಡನೆಯ ಸಲಕ್ಕೆ ಕತ್ತಿನ ಸರ ಹೊರಬರುತ್ತದೆ. ಮೂರನೆಯ ಸಲಕ್ಕೆ, ಒಳಗೆಲ್ಲೋ ಚುಚ್ಚಿಕೊಂಡು ಮರೆತೇಹೋಗಿದ್ದ ಪಿನ್ನು ಬರುತ್ತದೆ. ಯಾಕೆ ಕೇಳುತ್ತಿದ್ದೇನೆ ಎಂದು ಅವಳು ಯಾರಿಗೂ ವಿವರಿಸುವುದಿಲ್ಲ. ಒಬ್ಬೊಬ್ಬರಿಗೂ ವಿವರಿಸುತ್ತ ಕೂತರೆ ಹೊರಗೆ ಬೆಂಚಿನ ಮೇಲೆ ಕಾಯುತ್ತಿರುವವರ ಸರದಿ ಸಂಜೆಯಾದರೂ ಬರುವುದಿಲ್ಲ. "ಇದೆಯಾ, ಇಲ್ಲವಾ, ಅಷ್ಟು ಹೇಳಿ ಸಾಕು," ಅನ್ನುತ್ತಾಳೆ.

ದ್ವೀಪದ ರೆಸಾರ್ಟಿಗೆ ಫೋನ್ ಮಾಡಿದಾಗಲೂ ಅದೇ ಚಾಳಿ ಬಾಯಿಗೆ ಬಂತು.

"ನಿಮ್ಮಲ್ಲಿ ಲಿಫ್ಟ್ ಇದೆಯಾ?"

ಆ ಕಡೆಯ ಹುಡುಗಿ ಆಗಷ್ಟೇ ಸಮುದ್ರಕ್ಕೆ ಮುಖಮಾಡಿದ ವರಾಂಡ, ಕಾಟೇಜಿಗೊಂದು ಪುಟ್ಟ ಈಜುಕೊಳ, ಬೆಳಿಗ್ಗೆ ಆ ಕೊಳದ ನೀರಿನ ಮೇಲೇ ತೇಲಿ ಬರುವ ತಿಂಡಿಯ ತಟ್ಟೆ, ಎಣ್ಣೆ ಮಸಾಜು, ಊರಿನ ದೋಣಿಕಟ್ಟೆಯಿಂದ ಮುಕ್ಕಾಲು ಗಂಟೆಯಲ್ಲಿ ತಲುಪಿಸುವ ಅವರದೇ ದೋಣಿ, ಇಷ್ಟನ್ನೂ ಒಂದೇ ಉಸಿರಿಗೆ ಒಪ್ಪಿಸಿ ಸುಧಾರಿಸಿಕೊಳ್ಳುತ್ತಿದ್ದಳು. ಲಿಫ್ಟಿನ ಪ್ರಶ್ನೆ ಅವಳ ಪಾಠದಲ್ಲಿ ಇರಲಿಲ್ಲ.

"ಇಲ್ಲ ಮೇಡಂ. ಕಾಟೇಜುಗಳೆಲ್ಲ ಒಂದೇ ಅಂತಸ್ತು. ಕ್ಷಮಿಸಿ."

"ಖಂಡಿತಾ ಇಲ್ಲವಾ?"

"ಇಲ್ಲ ಮೇಡಂ." ಹುಡುಗಿಯ ದನಿ ಸಣ್ಣದಾಯಿತು. "ತುಂಬಾ ಕ್ಷಮಿಸಿ."

ಅಕ್ಕ ಫೋನಿಟ್ಟು, ಸೀಸದ ಏಪ್ರನ್ ತೊಟ್ಟು, ಮುಂದಿನವರನ್ನು ಒಳಗೆ ಕರೆದಳು. ಹೊತ್ತು ಹೊತ್ತು ಭುಜ ಸವೆದ ಆ ಏಪ್ರನ್ನು ಅವತ್ತು ಭಾರವೇ ಅನಿಸಲಿಲ್ಲ.

ಲಿಫ್ಟ್ ಇಲ್ಲ ಎಂದು ಯಾರಾದರೂ ಖುಷಿಪಡುತ್ತಾರೆಯೇ ಎಂದರೆ, ಲಿಫ್ಟ್ ಮೆಕ್ಯಾನಿಕ್‌ನ ಹೆಂಡತಿಯನ್ನು ಕೇಳಬೇಕು. ಅವಳ ಗಂಡನಿಗೆ ಹೆತ್ತವರಿಟ್ಟ ಹೆಸರು ಬೇರೆ ಇದೆ, ಆದರೆ ಊರಿಗೆಲ್ಲ ಅವನು ಲಿಫ್ಟಣ್ಣ. ಯಾವ ಕಟ್ಟಡದಲ್ಲಿ ಯಾವ ಲಿಫ್ಟು ಎಷ್ಟನೇ ಮಹಡಿಯಲ್ಲಿ ಕೆಮ್ಮುತ್ತದೆ ಎಂಬುದು ಅವನಿಗೆ ಬಾಯಿಪಾಠ. ಅವನ ಕೆಲಸದ ಚೀಲದಲ್ಲಿ ಕಂಪನಿಯವರು ಕೊಟ್ಟ ಹಳದಿ ಬೋರ್ಡೊಂದಿದೆ: "ಕೆಟ್ಟಿದೆ, ಬಳಸಬೇಡಿ." ಇಪ್ಪತ್ತೆರಡು ವರ್ಷದ ಕೆಲಸದಲ್ಲಿ ಅದನ್ನು ಅವನು ಒಂದು ಸಲವೂ ನೇತುಹಾಕಿಲ್ಲ. ಕೆಟ್ಟ ಲಿಫ್ಟನ್ನು ಕೆಟ್ಟ ಹಾಗೇ ಬಿಟ್ಟು ಬರುವುದು ಅವನ ಜಾಯಮಾನದಲ್ಲೇ ಇಲ್ಲ. ಬೋರ್ಡಿಗೆ ಸುತ್ತಿದ್ದ ಪ್ಲಾಸ್ಟಿಕ್ ಇನ್ನೂ ಹಾಗೇ ಇದೆ, ಬಂದವರಿಗೆಲ್ಲ ತೆಗೆದು ತೋರಿಸುತ್ತಾನೆ.

ಅವರಿಬ್ಬರ ಪರಿಚಯವಾದದ್ದೂ ಲಿಫ್ಟಿನಿಂದಲೇ. ಅಕ್ಕ ಕೆಲಸಕ್ಕೆ ಸೇರಿದ ಹೊಸದರಲ್ಲಿ ಆಸ್ಪತ್ರೆಯ ಲಿಫ್ಟು ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತ್ತು. ಒಳಗೆ ಅವಳೊಬ್ಬಳೇ. ಮುಕ್ಕಾಲು ಗಂಟೆಯ ಮೇಲೆ ಬಾಗಿಲು ಸಂದಿಯಾಗಿ, ಗ್ರೀಸ್ ಮೆತ್ತಿದ ಕೈಯೊಂದು ಕೆಳಗಿಳಿದು ಬಂತು. "ಹೆದರ್ಬೇಡಿ, ಹಿಡ್ಕೊಳ್ಳಿ," ಅಂದಿತು ಮೇಲಿನ ದನಿ. ಹಿಡಿದಳು. ಹದಿನೆಂಟು ವರ್ಷವಾಯಿತು.

"ಆವತ್ತು ಆ ಲಿಫ್ಟ್ ಕೆಡದೇ ಇದ್ದಿದ್ರೆ ನಿನಗೆ ನನ್ನ ಮಗ ಎಲ್ಲಿ ಸಿಗ್ತಿದ್ದ?" ಎಂದು ಅತ್ತೆ ಈಗಲೂ ಕೇಳುವುದುಂಟು.

"ಮೆಟ್ಟಿಲು ಹತ್ತಿದ್ರೆ ಆಗ್ತಿತ್ತು ಅತ್ತೆ," ಅನ್ನುತ್ತಾಳೆ ಅಕ್ಕ.

ಮದುವೆಯಾದ ಮೇಲೆ ಮೊದಲ ಸಲ ಹೊರಗೆ ಹೋದಾಗ, ಉಳಿದುಕೊಂಡಿದ್ದ ಹೋಟೆಲಿನ ಲಿಫ್ಟಿನ ಬಾಗಿಲು ಅರ್ಧಕ್ಕೆ ನಿಂತು ಕಟಕಟ ಅನ್ನುತ್ತಿತ್ತು. "ಒಂದೇ ನಿಮಿಷ," ಎಂದು ಹೋದ ಲಿಫ್ಟಣ್ಣ ಚಾವಣಿಯ ಮೋಟಾರು ಕೋಣೆಯಿಂದ ಇಳಿದದ್ದು ಮರುದಿನ ಕೋಣೆ ಬಿಟ್ಟುಕೊಡುವ ಹೊತ್ತಿಗೆ. ಅಲ್ಲಿಂದ ಶುರುವಾದದ್ದು ಇವತ್ತಿನವರೆಗೂ ನಡೆದಿದೆ. ಸಿನಿಮಾಕ್ಕೆ ಹೋದರೆ ಮಧ್ಯಂತರದ ನಂತರದ ಕಥೆ ಅವನಿಗೆ ಗೊತ್ತಿರುವುದಿಲ್ಲ. ಮಗಳ ಶಾಲೆಯ ವಾರ್ಷಿಕೋತ್ಸವದಲ್ಲಿ ಮಗಳು ವೇದಿಕೆ ಹತ್ತುವುದಕ್ಕೂ ಇವನ ಫೋನು ಬಡಿದುಕೊಳ್ಳುವುದಕ್ಕೂ ಸರಿಹೋಯಿತು. ಆ ಮಗಳು ಈಗ ಹಾಸ್ಟೆಲಿನಲ್ಲಿದ್ದಾಳೆ, ಫೋನ್ ಮಾಡಿದಾಗ "ಅಪ್ಪ ಯಾವ ಮಹಡೀಲಿದ್ದಾರೆ?" ಎಂದೇ ವಿಚಾರಿಸುತ್ತಾಳೆ. ಬೈದರೆ ತಿರುಗಿ ಬೈಯುವ ಗಂಡನಾಗಿದ್ದರೆ ಜಗಳವಾಡಿಯಾದರೂ ಹಗುರಾಗಬಹುದಿತ್ತು. ಇವನು, "ಪಾಪ ಕಣೇ, ಜನ ಒಳಗೆ ಸಿಕ್ಕಿಕೊಂಡಿದ್ದಾರೆ," ಅನ್ನುತ್ತಾನೆ. ಆ ಮಾತಿಗೆ ಎದುರು ಮಾತೆಲ್ಲಿದೆ? ತಾನೂ ಹಾಗೆ ಸಿಕ್ಕಿಕೊಂಡು ಈಚೆ ಬಂದವಳೇ. ಕೋಪವನ್ನು ನುಂಗಿಕೊಂಡು ನುಂಗಿಕೊಂಡು ಅಕ್ಕನಿಗೆ ಅದೇ ಒಂದು ಊಟವಾಗಿಬಿಟ್ಟಿತ್ತು.

ಹೋದ ತಿಂಗಳು ಅವನು ಭುಜ ಉಳುಕಿಸಿಕೊಂಡು ಅವಳ ಕೋಣೆಗೇ ಬಂದ. ಅಕ್ಕ ಅವನನ್ನು ಪ್ಲೇಟಿಗೆ ಒರಗಿಸಿ ನಿಲ್ಲಿಸಿ, "ಅಲುಗಾಡ್ಬೇಡಿ. ಉಸಿರು ಹಿಡ್ಕೊಳ್ಳಿ," ಎಂದು ಗಾಜಿನ ಹಿಂದೆ ಹೋದಳು. ಅವನು ಅಲುಗಾಡಲಿಲ್ಲ. ಮೂಳೆ ಮುರಿದಿರಲಿಲ್ಲ, ಚಿತ್ರ ಚೆನ್ನಾಗಿಯೇ ಬಂತು. ಆದರೆ ಈ ಗಂಡಸು ತನ್ನ ಮುಂದೆ ಅಲ್ಲಾಡದೆ ನಿಂತದ್ದು ಹದಿನೆಂಟು ವರ್ಷದಲ್ಲಿ ಇಷ್ಟೇ ಹೊತ್ತು ಎಂದು ಅವಳಿಗೆ ಹೊಳೆಯಿತು. ಉಸಿರು ಬಿಡಿ ಎಂದು ಹೇಳುವುದನ್ನೇ ಅವಳು ಮರೆತು, ಉಸಿರು ಹಿಡಿದೇ ನಿಂತ ಅವನ ಮುಖ ಕೆಂಪೇರಿತು.

ಅವತ್ತೇ ಅವಳು ತೀರ್ಮಾನಿಸಿದ್ದು. ಎರಡು ದಿನ. ಬರೀ ಎರಡು ದಿನ ಅವನು ತನ್ನ ಪಕ್ಕದಲ್ಲಿ ಕೂತಿರಬೇಕು. ಈ ಸಲವೂ ಮಧ್ಯದಲ್ಲಿ ಎದ್ದುಹೋದನೋ, ಇನ್ನು ಈ ಜನ್ಮದಲ್ಲಿ ಅವನನ್ನು ಏನೂ ಕೇಳುವುದಿಲ್ಲ. ಜೊತೆಗೆ ಬಾ ಅನ್ನುವುದಿಲ್ಲ, ಕೂತ್ಕೋ ಅನ್ನುವುದಿಲ್ಲ. ಒಂದೇ ಮನೆಯಲ್ಲಿ ಅವನ ಪಾಡಿಗೆ ಅವನು, ತನ್ನ ಪಾಡಿಗೆ ತಾನು. ಇದನ್ನು ಅವಳು ಸಿಟ್ಟಿನ ಭರದಲ್ಲಿ ಅಂದುಕೊಂಡದ್ದಲ್ಲ, ತಣ್ಣಗೆ ಪಾತ್ರೆ ತೊಳೆಯುತ್ತ ಅಂದುಕೊಂಡದ್ದು. ಅದಕ್ಕೇ ಅವಳಿಗೇ ಭಯವಾಗಿತ್ತು.

ವಿಷಯ ತೆಗೆದ ದಿನ ಲಿಫ್ಟಣ್ಣ ನಿಜವಾಗಿಯೂ ಯೋಚನೆಗೆ ಬಿದ್ದ.

"ದ್ವೀಪದಲ್ಲಿ ಏನು ಮಾಡೋದು?"

"ಏನೂ ಮಾಡೋದಲ್ಲ ರೀ. ಸುಮ್ನೆ ಇರೋದು."

"ಅದೇ, ಏನೂ ಮಾಡದೆ ಎರಡು ದಿನ ಏನು ಮಾಡೋದು ಅಂತ."

ಅತ್ತೆಗೆ ದ್ವೀಪದ ಚಿತ್ರ ತೋರಿಸಿದ್ದಾಯಿತು. ಅವರು ಕನ್ನಡಕ ಏರಿಸಿ, ಇಳಿಸಿ, ನೋಡಿದರು. "ಸುತ್ತ ನೀರು, ಮಧ್ಯೆ ಮರಳು. ಮನೆ ಕಟ್ಟಿಸೋರ ಸೈಟಲ್ಲೂ ಇದೇ ಇರುತ್ತಲ್ಲಮ್ಮ," ಎಂದರು. ಹಾಗಂದರೂ ಅಕ್ಕ ಕೊಂಡುತಂದಿದ್ದ ಅಗಲ ಅಂಚಿನ ಬಿಸಿಲು ಟೋಪಿಯನ್ನು ತಲೆಗಿಟ್ಟುಕೊಂಡವರು ಊಟಕ್ಕೂ ತೆಗೆಯಲಿಲ್ಲ.

ದಿನ ಗೊತ್ತುಮಾಡುವುದರಲ್ಲಿ ಅಕ್ಕನ ಅರ್ಧ ಆಯಸ್ಸು ಸವೆಯಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಅದೇ ಪಾಡು. ಮೊದಲು ಹಿಡಿದ ಶನಿವಾರ ಅವನಿಗೆ ಆರು ಕಟ್ಟಡಗಳ ವಾರ್ಷಿಕ ತಪಾಸಣೆ. ಅದರ ಮುಂದಿನ ವಾರ ಇವಳ ಆಸ್ಪತ್ರೆಗೆ ಹೊಸ ಯಂತ್ರ ಬರುವುದಿತ್ತು, ರಜೆ ಕೊಡಲಿಲ್ಲ. ಯಂತ್ರವೂ ಬರಲಿಲ್ಲ. ಮೂರನೆಯ ವಾರ ಅತ್ತೆಗೆ ಹಲ್ಲುನೋವು ಬಂತು. ನಾಲ್ಕನೆಯ ವಾರಕ್ಕೆ, ಹಲ್ಲು ಉದುರಲಿ, ಆಸ್ಪತ್ರೆ ಉರುಳಲಿ, ಹೋಗುವುದೇ ಎಂದು ಅಕ್ಕ ಕ್ಯಾಲೆಂಡರಿನಲ್ಲಿ ಎರಡು ಚೌಕಗಳನ್ನು ಕೆಂಪು ಪೆನ್ನಿನಲ್ಲಿ ಕಾಗದ ಹರಿಯುವಷ್ಟು ಸಲ ಸುತ್ತಿದಳು. ಲಿಫ್ಟಣ್ಣ ರಜೆ ಬರೆದುಕೊಟ್ಟ. ಫೋನು ಆಫ್ ಮಾಡಿಡುತ್ತೇನೆ ಎಂದು ಮಾತು ಕೊಟ್ಟ. ಕೆಲಸದ ಚೀಲ ಮನೆಯಲ್ಲೇ, ಅತ್ತೆಯ ಮಂಚದ ಕೆಳಗೆ, ಅತ್ತೆಯ ಕಾವಲಿನಲ್ಲಿ ಎಂದು ತೀರ್ಮಾನವಾಯಿತು.

ಎರಡನೆಯ ಸಲ ಫೋನ್ ಮಾಡುವ ಪ್ರಸಂಗ ಬಂದದ್ದು ರೆಸಾರ್ಟಿನವರ ಚಿತ್ರಗಳಿಂದ. ತೆಂಗಿನ ಮರಗಳ ಹಿಂದೆ, ಇಷ್ಟು ದಿನ ಅಕ್ಕನ ಕಣ್ಣಿಗೆ ಬೀಳದಿದ್ದ ಒಂದು ಬಿಳಿ ಕಟ್ಟಡವಿತ್ತು. ಎಣಿಸಿದಳು. ಮೂರು ಅಂತಸ್ತು. ಕೂಡಲೇ ಫೋನ್ ಮಾಡಿದಳು.

"ಆ ಬಿಳಿ ಕಟ್ಟಡದಲ್ಲಿ ಲಿಫ್ಟ್ ಇದೆಯಾ?"

ಅದೇ ಹುಡುಗಿ ಸಿಕ್ಕಿದ್ದಳು. "ಓ, ನೀವಾ ಮೇಡಂ. ಆವತ್ತು ನಾನು ಕಾಟೇಜಿನ ವಿಷಯ ಹೇಳಿದ್ದು. ಅಲ್ಲಿ ಇದೆ ಮೇಡಂ, ಆದ್ರೆ ಕೆಟ್ಟು ನಿಂತು ಮೂರು ತಿಂಗಳಾಯ್ತು."

ಕೆಟ್ಟು ನಿಂತ ಲಿಫ್ಟು. ಓಡುತ್ತಿರುವ ಲಿಫ್ಟನ್ನಾದರೂ ಲಿಫ್ಟಣ್ಣ ಮೇಲಿಂದ ಕೆಳಗೆ ಒಂದು ಸಲ ನೋಡಿ ಬಿಟ್ಟಾನು. ಕೆಟ್ಟು ನಿಂತದ್ದನ್ನು ಕಂಡರೆ ಇರುವೆಗೆ ಬೆಲ್ಲ ಕಂಡ ಹಾಗೆ.

"ಕೆಟ್ಟೇ ನಿಂತಿದೆಯಾ?" ಅವಳ ದನಿ ನಡುಗಿತು.

"ಅಯ್ಯೋ, ಬೇಜಾರು ಮಾಡ್ಕೋಬೇಡಿ ಮೇಡಂ. ನಾನು ಮ್ಯಾನೇಜರ್ ಹತ್ರ ಮಾತಾಡ್ತೀನಿ."

ಅಲ್ಲೇ ಹೇಳಿಬಿಡಬಹುದಿತ್ತು. ನೋಡಮ್ಮ, ನನ್ನ ಗಂಡ ಹೀಗೆ, ಆ ಲಿಫ್ಟು ಅವನ ಕಣ್ಣಿಗೆ ಬೀಳಬಾರದು, ನಮ್ಮನ್ನು ದೂರದ ಕಾಟೇಜಿಗೆ ಹಾಕು ಎಂದರೆ ಮುಗಿದುಹೋಗುತ್ತಿತ್ತು. ಆದರೆ ಮುಖ ನೋಡದ ಹುಡುಗಿಯ ಹತ್ತಿರ, ನನ್ನ ಗಂಡನಿಗೆ ನನ್ನ ಪಕ್ಕ ಕೂರುವುದಕ್ಕಿಂತ ಲಿಫ್ಟಿನ ತಲೆಯ ಮೇಲೆ ಕೂರುವುದು ಇಷ್ಟ ಎಂದು ಯಾವ ಹೆಂಗಸು ಹೇಳಿಕೊಳ್ಳುತ್ತಾಳೆ? ಅಕ್ಕ ಹೇಳಲಿಲ್ಲ.

ಮೂರನೆಯ ಸಲ ಫೋನ್ ಮಾಡಿದ್ದು ಹೊರಡಲು ನಾಲ್ಕು ದಿನವಿದ್ದಾಗ. "ಆ ಲಿಫ್ಟಿನ ವಿಷಯ ಏನಾಯ್ತು?"

"ಚಿಂತೆ ಬಿಡಿ ಮೇಡಂ. ನೀವು ಬರೋ ಹೊತ್ತಿಗೆ ಎಲ್ಲಾ ವ್ಯವಸ್ಥೆ ಆಗಿರುತ್ತೆ." ಹುಡುಗಿಯ ದನಿಯಲ್ಲಿ ಗೆದ್ದವರ ಸಂಭ್ರಮವಿತ್ತು.

ವ್ಯವಸ್ಥೆ ಅಂದರೆ ಏನು ಎಂದು ಕೇಳಬೇಕು ಅನ್ನುವಷ್ಟರಲ್ಲಿ ಸ್ಟ್ರೆಚರಿನ ಮೇಲೆ ಕಾಲು ಮುರಿದವರೊಬ್ಬರು ಬಂದರು. ಅಕ್ಕ ಫೋನಿಟ್ಟಳು. ಬಟ್ಟೆಯನ್ನೋ ಹಲಗೆಯನ್ನೋ ಅಡ್ಡ ಕಟ್ಟಿ ಮುಚ್ಚುತ್ತಾರೆ ಎಂದುಕೊಂಡಳು. ಮೂರು ಸಲ ಕೇಳಿದ್ದಾಗಿತ್ತಲ್ಲ, ಮನಸ್ಸಿಗೆ ಸಮಾಧಾನವಾಗಿತ್ತು.

ಗುರುವಾರ ಸಂಜೆ ಅವಳು ಹಾಸಿಗೆಯ ಮೇಲೆ ಸೂಟ್‌ಕೇಸ್ ಬಿಚ್ಚಿಟ್ಟುಕೊಂಡು ಬಟ್ಟೆ ಜೋಡಿಸುತ್ತಿದ್ದಳು. ಅತ್ತೆ ಎದುರಿನ ತಮ್ಮ ಮಂಚದ ಮೇಲೆ ಟೋಪಿ ಹಾಕಿಕೊಂಡು ಕೂತು, ಮಡಿಸಿದ್ದು ಸರಿಯಿಲ್ಲ ಎಂದು ಒಂದೊಂದನ್ನೇ ಬಿಚ್ಚಿ ಮತ್ತೆ ಮಡಿಸುತ್ತಿದ್ದರು. ಅಷ್ಟರಲ್ಲಿ, ಬೆಳಿಗ್ಗೆಯೇ ಚೀಲವನ್ನು ಮಂಚದ ಕೆಳಗೆ ತಳ್ಳಿ ಬರಿಗೈಲಿ ಕಂಪನಿಗೆ ಹೋಗಿದ್ದ ಲಿಫ್ಟಣ್ಣ ಬಂದ. ಬಂದವನು ಚಪ್ಪಲಿ ಬಿಟ್ಟು ಬಾಗಿಲಲ್ಲೇ ನಿಂತ. ಅವನ ಮುಖದಲ್ಲೊಂದು ಕಳೆಯಿತ್ತು. ಆ ಕಳೆಯನ್ನು ಅಕ್ಕ ಹೋಟೆಲಿನಲ್ಲಿ, ಸಿನಿಮಾದಲ್ಲಿ, ಮಗಳ ಶಾಲೆಯಲ್ಲಿ, ಎಲ್ಲ ಕಡೆ ಕಂಡವಳು. ಕೈಯಲ್ಲಿದ್ದ ಟವೆಲನ್ನು ಹಾಗೇ ಹಿಡಿದು ಕೂತಳು.

"ಬರೀ ಅರ್ಧ ಗಂಟೆ ಕೆಲಸ ಕಣೇ."

ಅಕ್ಕ ಟವೆಲನ್ನು ತೊಡೆಯ ಮೇಲಿಟ್ಟಳು.

"ಪ್ರಯಾಣ ಏನೂ ಬದಲಾಗಲ್ಲ. ಅಲ್ಲೇ, ದ್ವೀಪದಲ್ಲೇ. ಅದೇ ರೆಸಾರ್ಟು ಅಂತೀನಿ. ಅವರ ಲಿಫ್ಟ್ ಮೂರು ತಿಂಗಳಿಂದ ನಿಂತಿದೆಯಂತೆ. ಈಗ ಏಕಾಏಕಿ ತುರ್ತು ಅಂತ ನಮ್ಮ ಕಂಪನಿಗೆ ಹೇಳಿದ್ದಾರೆ. ಹೇಗೂ ನೀನು ಅಲ್ಲಿಗೇ ಹೋಗ್ತಿದ್ದೀಯಲ್ಲ, ಒಂದು ಕೈ ನೋಡ್ಕೊಂಡು ಬಾ ಅಂದ್ರು ಸೂಪರ್‌ವೈಸರ್."

"ಮೂರು ತಿಂಗಳು ಇಲ್ಲದ ತುರ್ತು ಈಗ ಯಾಕಂತೆ?" ಅತ್ತೆ ಕೇಳಿದರು.

"ಪಾಪ ಕಣಮ್ಮ, ಯಾರೋ ಒಬ್ಬ ಮೇಡಂ. ಮೊಣಕಾಲು ಪೂರ್ತಿ ಹೋಗಿದೆಯಂತೆ. ಶನಿವಾರ ಬರ್ತಿದ್ದಾರೆ. ಲಿಫ್ಟ್ ಇದೆಯಾ, ಲಿಫ್ಟ್ ಇದೆಯಾ ಅಂತ ಮೂರು ಸಲ ಫೋನ್ ಮಾಡಿದ್ದಾರೆ. ಕೆಟ್ಟಿದೆ ಅಂದಿದ್ದಕ್ಕೆ ಫೋನಲ್ಲೇ ಅಳೋಕೆ ಬಂದ್ರಂತೆ. ಅಲ್ಲೊಂದು ಹುಡುಗಿ ಮ್ಯಾನೇಜರ್ ಜೊತೆ ಜಗಳ ಆಡಿ ಆ ಮೇಡಂಗೋಸ್ಕರ ಇದನ್ನೆಲ್ಲ ಮಾಡಿಸ್ತಿದ್ದಾಳೆ. ಮೇಲಿನ ಮಹಡೀಲಿ ಸಮುದ್ರ ಕಾಣೋ ದೊಡ್ಡ ರೂಮಿಗೆ ಅವರನ್ನ ಬದಲಾಯಿಸಿದ್ದಾಳಂತೆ. ಈಗ ನಾನು ಆಗಲ್ಲ ಅಂದ್ರೆ ಆ ಹೆಂಗಸು ಮೇಲೆ ಹತ್ತೋದು ಹೇಗೆ, ನೀನೇ ಹೇಳು."

ಅಕ್ಕನಿಗೆ ಮೊದಲು ನಗು ಬರುವ ಹಾಗಾಯಿತು. ಆಮೇಲೆ ಎದುರಿಗಿದ್ದ ಸೂಟ್‌ಕೇಸನ್ನು ಕಿಟಕಿಯಿಂದಾಚೆ ಎಸೆಯಬೇಕು ಅನಿಸಿತು. ಇರುಳು ಕಂಡ ಬಾವಿಗೆ ಹಗಲು ಬೀಳುವುದೆಂದರೆ ಇದೇ. ಬಾವಿ ಎಲ್ಲಿದೆ, ಎಷ್ಟು ಆಳ, ನೀರಿದೆಯಾ ಎಂದು ಮೂರು ಮೂರು ಸಲ ವಿಚಾರಿಸಿಕೊಂಡೇ ಹೋಗಿ ಬಿದ್ದಿದ್ದಳು. ಯಾರ ಮೇಲೆ ಕೂಗಾಡುವುದು? ಆ ಹುಡುಗಿ ಮಾಡಿದ್ದು ಉಪಕಾರ. ಗಂಡ ಮಾಡಹೊರಟದ್ದೂ ಉಪಕಾರ.

ಅತ್ತೆ ಟೋಪಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿ ಸೊಸೆಯನ್ನೇ ನೋಡಿದರು.

"ಮೂರು ಸಲ ಕೇಳಿದ್ಳಂತಾ?" ಎಂದರು ನಿಧಾನವಾಗಿ. "ಮೂರು ಸಲ ಕೇಳೋರು ನಮ್ಮ ಮನೇಲೂ ಒಬ್ಬರಿದ್ದಾರಪ್ಪ."

ಲಿಫ್ಟಣ್ಣನಿಗೆ ಅರ್ಥವಾಗಲಿಲ್ಲ. ಅವನಾಗಲೇ ಬಗ್ಗಿ ಮಂಚದ ಕೆಳಗಿನಿಂದ ಚೀಲ ಎಳೆಯುತ್ತಿದ್ದ.

"ನನ್ನ ಮೊಣಕಾಲು ಚೆನ್ನಾಗೇ ಇದೆ ರೀ," ಅಂದಳು ಅಕ್ಕ.

ಚೀಲ ಅರ್ಧಕ್ಕೆ ನಿಂತಿತು. ಅವನು ಬಗ್ಗಿದಲ್ಲಿಂದಲೇ ಅವಳ ಮುಖ ನೋಡಿದ, ಆಮೇಲೆ ಮೊಣಕಾಲು ನೋಡಿದ.

"ನೀನಾ?" ಎಂದ. "ನೀನ್ಯಾಕೆ ಲಿಫ್ಟ್ ಕೇಳಿದೆ? ನಿನಗೆ ಲಿಫ್ಟ್ ಅಂದ್ರೇ ಆಗಲ್ಲ. ಇವತ್ತಿಗೂ ಮೆಟ್ಟಿಲೇ ಹತ್ತೋದು ನೀನು."

"ಇಲ್ಲ ಅಂತ ಕೇಳಿಸ್ಕೊಳ್ಳೋಕೆ ಕೇಳಿದೆ. ಆ ದ್ವೀಪದಲ್ಲಿ ಎಲ್ಲೂ ಲಿಫ್ಟ್ ಇಲ್ಲ ಅಂತ ಯಾರಾದ್ರೂ ನನಗೆ ಹೇಳ್ಬೇಕಿತ್ತು. ಈಜುಕೊಳ ಯಾರಿಗೆ ಬೇಕು? ತೇಲೋ ತಿಂಡಿ ಯಾರಿಗೆ ಬೇಕು? ಲಿಫ್ಟ್ ಇಲ್ಲದ ಜಾಗ ಹುಡುಕಿ ಹುಡುಕಿ ಸಮುದ್ರದ ಮಧ್ಯಕ್ಕೆ ಹೋದೆ ನಾನು. ಅಲ್ಲೂ ಒಂದಿತ್ತು. ಅಲ್ಲಿಗೂ ನಿಮ್ಮನ್ನ ನಾನೇ ಕರೆಸಿದ ಹಾಗಾಯ್ತು."

ಅವಳ ದನಿ ಏರಲಿಲ್ಲ. ರೋಗಿಗಳ ಹತ್ತಿರ ಮಾತಾಡುವ ಹಾಗೆಯೇ ಮಾತಾಡುತ್ತಿದ್ದಳು.

"ಎರಡು ದಿನ ನನ್ನ ಪಕ್ಕ ಕೂತಿರಲಿ ಅಂತ ಆಸೆಪಟ್ಟೆ. ಹದಿನೆಂಟು ವರ್ಷದಿಂದ ನಾನು ಒಬ್ಬಳೇ ಕೂತಿದ್ದೀನಿ ರೀ. ಆವತ್ತು ಲಿಫ್ಟಲ್ಲಿ ಮುಕ್ಕಾಲು ಗಂಟೆ ಒಬ್ಬಳೇ ಇದ್ದೆನಲ್ಲ, ಅದಿನ್ನೂ ಮುಗಿದೇ ಇಲ್ಲ ನನಗೆ. ಹೋಗಿ, ರಿಪೇರಿ ಮಾಡ್ಕೊಂಡು ಬನ್ನಿ. ನಾನು ಬರಲ್ಲ. ಇನ್ನು ಯಾವತ್ತೂ ಕೇಳೋದೂ ಇಲ್ಲ."

ಟವೆಲನ್ನು ಮಡಿಸಿ ಸೂಟ್‌ಕೇಸಿನಲ್ಲಿಡದೆ ಪಕ್ಕಕ್ಕಿಟ್ಟಳು. ಇನ್ನೊಂದನ್ನು ತೆಗೆದು ಅದನ್ನೂ ಪಕ್ಕಕ್ಕಿಟ್ಟಳು.

ಲಿಫ್ಟಣ್ಣ ನೆಲದ ಮೇಲೇ ಕೂತುಬಿಟ್ಟ. ಬಾಗಿಲ ಆ ಕಡೆ ಜನ ಎಷ್ಟು ಹೊತ್ತಿನಿಂದ ಸಿಕ್ಕಿಕೊಂಡಿದ್ದಾರೆ ಎಂದು ಸದ್ದು ಕೇಳಿಯೇ ಹೇಳಬಲ್ಲವನು ಎಂದು ಕಂಪನಿಯಲ್ಲಿ ಅವನಿಗೆ ಹೆಸರಿತ್ತು. ಅಭ್ಯಾಸದಂತೆ ಅವನ ನಾಲಗೆಯ ತುದಿಗೆ "ಪಾಪ" ಎಂಬ ಮಾತು ಬಂದದ್ದು, ಅದು ಅಲ್ಲೇ ನಿಂತದ್ದು, ಎರಡೂ ಅಕ್ಕನಿಗೆ ಕಂಡವು. ಅತ್ತೆ ಮಂಚದಿಂದ ಇಳಿಬಿಟ್ಟ ಎರಡೂ ಕಾಲನ್ನು ಚೀಲದ ಮೇಲಿಟ್ಟರು.

ಅವನು ಫೋನ್ ತೆಗೆದ.

"ಸಾರ್, ಶನಿವಾರದ್ದು ಆಗಲ್ಲ. ಇಲ್ಲ ಸಾರ್, ಅರ್ಧ ಗಂಟೇನೂ ಆಗಲ್ಲ. ಸೋಮವಾರ ಬೇರೆ ಯಾರನ್ನಾದ್ರೂ ಕಳಿಸಿ." ಆ ಕಡೆಯವರು ಬಹಳ ಹೊತ್ತು ಮಾತಾಡಿದರು. "ಮೂರು ತಿಂಗಳು ನಿಂತಿದ್ದು ಇನ್ನೆರಡು ದಿನ ನಿಂತಿರುತ್ತೆ ಸಾರ್. ಆ ಮೇಡಂಗಾ? ನಾನೇ ಹೇಳ್ತೀನಿ. ಇಲ್ಲೇ ಎದುರಿಗೇ ಇದ್ದಾರೆ. ಅವರನ್ನ ಮೊದಲು ಕೊಟ್ಟಿದ್ದ ಕಾಟೇಜಿಗೇ ಹಾಕೋಕೆ ಹೇಳಿ, ಸಾಕು."

ಫೋನಿಟ್ಟು, ತಾಯಿಯ ಕಾಲುಗಳನ್ನು ಮೆಲ್ಲಗೆ ಎತ್ತಿ ಬದಿಗಿರಿಸಿ ಚೀಲ ಬಿಚ್ಚಿದ. ಆದರೆ ಅವನು ಸ್ಪ್ಯಾನರಿಗೆ ಕೈ ಹಾಕಲಿಲ್ಲ. ತಳದಿಂದ ಹಳದಿ ಬೋರ್ಡು ತೆಗೆದ. ಇಪ್ಪತ್ತೆರಡು ವರ್ಷದ ಪ್ಲಾಸ್ಟಿಕ್ಕನ್ನು ಹಲ್ಲಿನಿಂದ ಕಚ್ಚಿ ಹರಿದು, ಬೋರ್ಡನ್ನು ಅಂಗಿಯ ತೋಳಿನಿಂದ ಒರೆಸಿದ.

"ಕೆಟ್ಟ ಲಿಫ್ಟಿಗೆ ಬೋರ್ಡ್ ಇಲ್ಲದೆ ಬಿಡಬಾರದು," ಎಂದ, ಯಾರ ಮುಖವನ್ನೂ ನೋಡದೆ. "ಅವರ ಹತ್ರ ಇದೆಯೋ ಇಲ್ವೋ. ದೋಣಿ ಇಳಿದ ತಕ್ಷಣ ನಾನೇ ನೇತುಹಾಕ್ತೀನಿ. ಆಮೇಲೆ ಆ ಕಡೆ ಮುಖ ಹಾಕಲ್ಲ."

ಬೋರ್ಡನ್ನು ಸೂಟ್‌ಕೇಸಿನಲ್ಲಿ ಬಟ್ಟೆಗಳ ಮೇಲಿಟ್ಟ.

"ನೇತುಹಾಕಿ ಬಂದು ಕೂತ್ಕೊಳ್ತೀರಾ?"

"ಕೂತ್ಕೊಳ್ತೀನಿ."

"ಖಂಡಿತಾ?"

"ಖಂಡಿತಾ."

ಅತ್ತೆ ಮೂರನೆಯ ಪ್ರಶ್ನೆಗಾಗಿ ಕತ್ತು ಚಾಚಿ ಕಾದರು. ಲಿಫ್ಟಣ್ಣನೂ ಕಾದ. ಅಕ್ಕ ಪಕ್ಕಕ್ಕಿಟ್ಟಿದ್ದ ಟವೆಲುಗಳನ್ನು ಮತ್ತೆ ಸೂಟ್‌ಕೇಸಿನೊಳಗಿಟ್ಟು, ಏನೂ ಕೇಳದೆ ಮುಚ್ಚಳ ಹಾಕಿದಳು.